ಡ್ರಮ್ಮು ತುಂಬಿದ ಮೇಲೆ ಎಲ್ಲಿಗೆ?

ಬೇಸಿಗೆ ಕಾಲಿಟ್ಟಿತೆಂದರೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕೈತುಂಬ ಕೆಲಸ ಇರುವುದು ಮೋಟರ್ ರೀವೈಂಡಿಂಗ್ ಅಂಗಡಿಯವರಿಗೆ. ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದಿರುತ್ತದೆ, ಕರೆಂಟು ಬಂದರೂ ವೋಲ್ಟೇಜ್ ಇರುವುದಿಲ್ಲ, ಅಡಿಕೆ ತೋಟ ಬಾಡುತ್ತಿರುತ್ತದೆ. ಸರಿಯಾಗಿ ಅಂಥ ಹೊತ್ತು ನೋಡಿಕೊಂಡೇ ಮೋಟರ್ ಸುಟ್ಟುಹೋಗುತ್ತದೆ. ಹಾಗಲವಾಡಿ, ಚೇಳೂರು, ನಿಟ್ಟೂರು, ಕಡಬ, ಯಾವ ಹೋಬಳಿ ಕೇಂದ್ರಕ್ಕೆ ಹೋದರೂ ಈ ಅಂಗಡಿಗಳ ಮುಂದೆ ಕೆಮ್ಮಣ್ಣು ಮೆತ್ತಿದ ಸಬ್‌ಮರ್ಸಿಬಲ್ ಮೋಟರುಗಳು ಸಾಲಾಗಿ ಮಲಗಿರುತ್ತವೆ. ಒಳಗೆ ಹುಡುಗನೊಬ್ಬ ಕಾಲಲ್ಲಿ ಸ್ಟೇಟರ್ ಅದುಮಿ ಹಿಡಿದು, ಇಕ್ಕಳದಿಂದ ಕರಕಲಾದ ಕಾಯಿಲ್ ಎಳೆಯುತ್ತಿರುತ್ತಾನೆ. ನೀರಿನೊಳಗೇ ಓಡಬೇಕಾದ ಮೋಟರಾದ್ದರಿಂದ ಈ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಒಳಗಿನ ತಾಮ್ರಕ್ಕೆ ಒಳ್ಳೆ ಬೆಲೆ, ಹೊದಿಕೆಗೆ ಮೂರು ಕಾಸಿಲ್ಲ. ಹಾಗಾಗಿ ಸಂಜೆ ಬಾಗಿಲು ಹಾಕುವ ಮುಂಚೆ, ಅಂಗಡಿಯ ಹಿಂದಿನ ಬಯಲಲ್ಲಿ ಕಾಯಿಲುಗಳ ಗುಡ್ಡೆಗೆ ಒಂದಿಷ್ಟು ಹಳೇ ಆಯಿಲ್ ಸುರಿದು ಕಡ್ಡಿ ಗೀರಿದರೆ ಮುಗಿಯಿತು. ಸ್ವಲ್ಪ ಹೊತ್ತು ದಟ್ಟ ಕಪ್ಪು ಹೊಗೆ, ಗಂಟಲು ಕೆರೆಯುವ ವಾಸನೆ. ಆಮೇಲೆ ಬೂದಿ ಕೊಡವಿ ತಾಮ್ರವನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಎಲ್ಲರೂ ಹೀಗೇ ಮಾಡುತ್ತಾರೆಂದು ಹೇಳಲಾರೆ. ಕೆಲವರು ಕಾಯಿಲನ್ನು ಹಾಗೇ ಗುಜರಿಗೆ ಹಾಕುತ್ತಾರೆ, ಸುಡುವ ಕೆಲಸ ಆಗ ಅಲ್ಲಿ ನಡೆಯುತ್ತದೆ.

ಈ ಹೊಗೆಯಲ್ಲಿ ಏನಿದೆ ಎಂಬುದನ್ನು ತಿಳಿದುಕೊಳ್ಳಬೇಕು. ತಂತಿಯ ಹೊದಿಕೆ ಪಿವಿಸಿ ಆಗಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಅದು ಅರೆಬರೆ ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಏಳುತ್ತದೆ; ಗಂಟಲು ಕೆರೆಯುವುದು ಅದಕ್ಕೇ. ಜೊತೆಗೆ ಡಯಾಕ್ಸಿನ್ ಎಂಬ ವಿಷಗಳ ಗುಂಪು ಹುಟ್ಟುತ್ತದೆ. ಬರೀ ಪ್ಲಾಸ್ಟಿಕ್ ಸುಟ್ಟರೂ ಅವು ಹುಟ್ಟುತ್ತವೆ, ಆದರೆ ತಾಮ್ರ ಜೊತೆಗಿದ್ದರೆ ಆ ಕೆಲಸ ಚುರುಕಾಗುತ್ತದೆ, ಏಕೆಂದರೆ ಈ ರಾಸಾಯನಿಕ ಕ್ರಿಯೆಗೆ ತಾಮ್ರವೇ ವೇಗವರ್ಧಕ. ಡಯಾಕ್ಸಿನ್ ಬೇಗ ಕರಗಿ ಹೋಗುವ ವಸ್ತುವಲ್ಲ. ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಹಸುವಿಗೆ ಹೋಗುತ್ತದೆ, ಹಸುವಿನಿಂದ ಹಾಲಿನ ಕೊಬ್ಬಿಗೆ ಬರುತ್ತದೆ. ಇಂಥ ಬಿಡದೆ ಉಳಿಯುವ ವಿಷಗಳನ್ನು ತಡೆಯಲು 2001ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. 2006ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಡಯಾಕ್ಸಿನ್ ಎಲ್ಲೆಲ್ಲಿಂದ ಬರುತ್ತದೆ ಎಂಬ ಪಟ್ಟಿಯಲ್ಲಿ ದೊಡ್ಡ ದೊಡ್ಡ ಕುಲುಮೆಗಳ ಜೊತೆಗೆ ತಾಮ್ರದ ಕೇಬಲ್ ಸುಡುವುದನ್ನೂ ಆ ಒಪ್ಪಂದ ಹೆಸರಿಟ್ಟು ಸೇರಿಸಿದೆ. ನಮ್ಮ ಹೋಬಳಿಯ ರೀವೈಂಡಿಂಗ್ ಅಂಗಡಿಯ ಹಿತ್ತಲು ಜಾಗತಿಕ ಒಪ್ಪಂದವೊಂದರ ಪಟ್ಟಿಯಲ್ಲಿದೆ ಅಂದರೆ ಅಂಗಡಿಯವನು ನಕ್ಕಾನು.

ಅಪಾಯಕಾರಿ ತ್ಯಾಜ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಭೋಪಾಲ್, ಎತ್ತರದ ಚಿಮಣಿ, ಬಣ್ಣಬಣ್ಣದ ನೊರೆ ಹೊತ್ತ ಹಳ್ಳ. ಕಾನೂನು ಹುಟ್ಟಿದ್ದೂ ಆ ಭಯದಲ್ಲೇ. 1984ರ ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮಗಳು, ಈಗ ಜಾರಿಯಲ್ಲಿರುವುದು 2016ರ ನಿಯಮಗಳು. ಇವುಗಳ ಕಣ್ಣಿದ್ದದ್ದು ದೊಡ್ಡ ಕಾರ್ಖಾನೆಯ ಮೇಲೆ. ಆದರೆ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಬಳಸಿದ ಎಂಜಿನ್ ಆಯಿಲ್ ಇದೆ, ಎಣ್ಣೆ ಮೆತ್ತಿದ ಬಟ್ಟೆ, ಫಿಲ್ಟರ್ ಇವೆ, ಬಣ್ಣದ ಗಸಿ ಇದೆ. ಹೀಗಿರುವಾಗ ಬಸ್ ನಿಲ್ದಾಣದ ಎದುರಿನ ಬೈಕ್ ಗ್ಯಾರೇಜೂ ಅಪಾಯಕಾರಿ ತ್ಯಾಜ್ಯ ಹುಟ್ಟಿಸುವ ಘಟಕವೇ ಆಯಿತು. ಟ್ರ್ಯಾಕ್ಟರ್ ಮೆಕ್ಯಾನಿಕ್, ಟಿಂಕರಿಂಗ್ ಪೇಂಟಿಂಗಿನವನು, ಲೇತ್ ಇಟ್ಟುಕೊಂಡವನು, ಬ್ಯಾಟರಿ ಅಂಗಡಿ, ಗುಜರಿ ಅಂಗಡಿ ಎಲ್ಲರೂ.

ಒಂದು ಲೆಕ್ಕ ಹಾಕೋಣ. ಸಾಮಾನ್ಯ 100 ಸಿಸಿ ಬೈಕಿನಿಂದ ಇಳಿಯುವ ಹಳೇ ಆಯಿಲ್ ಹೆಚ್ಚುಕಡಿಮೆ ಒಂದು ಲೀಟರ್, ಟ್ರ್ಯಾಕ್ಟರಿನಿಂದ ಏಳೆಂಟು ಲೀಟರ್. ದಿನಕ್ಕೆ ಮೂರು ಬೈಕಿನ ಆಯಿಲ್ ಬದಲಿಸುವ ಗ್ಯಾರೇಜಿನಲ್ಲಿ ತಿಂಗಳಿಗೆ 60 ಲೀಟರಿಗೂ ಮೇಲೆ ಕೂಡುತ್ತದೆ. 200 ಲೀಟರಿನ ಡ್ರಮ್ಮು ಮೂರು ತಿಂಗಳಿಗೆ ತುಂಬುತ್ತದೆ. ಅಂಥ ನಾಲ್ಕೈದು ಗ್ಯಾರೇಜಿರುವ ಒಂದು ಹೋಬಳಿ ಊರಿನಿಂದಲೇ ವರ್ಷಕ್ಕೆ ಮೂರ್ನಾಲ್ಕು ಸಾವಿರ ಲೀಟರ್. ಇದು ಯಾವ ಕಾರ್ಖಾನೆಯ ಚಿಮಣಿಯಲ್ಲೂ ಕಾಣುವುದಿಲ್ಲ, ಯಾವ ಪ್ರತಿಭಟನೆಯ ಬ್ಯಾನರಿನಲ್ಲೂ ಬರುವುದಿಲ್ಲ. ಒಂದು ಗ್ಯಾಲನ್ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿದೆ. ಲೀಟರಿಗೆ ಹತ್ತು ಲಕ್ಷ ಲೀಟರ್ ಎಂದಾಯಿತು. ಸಾವಿರ ಅಡಿ ಕೊರೆಸಿ ಮೂರಿಂಚು ನೀರು ಬಂದರೆ ಹಬ್ಬ ಮಾಡುವ ಸೀಮೆಯಲ್ಲಿ ಕೂತು ಇದನ್ನು ಓದಬೇಕು.

ಈ ಆಯಿಲ್ ಈಗ ಎಲ್ಲಿಗೆ ಹೋಗುತ್ತಿದೆ? ಚೆಲ್ಲುವುದು ಕಡಿಮೆ, ನಮ್ಮವರು ಏನನ್ನೂ ಸುಲಭಕ್ಕೆ ಚೆಲ್ಲುವವರಲ್ಲ. ಸೆಂಟ್ರಿಂಗ್ ಕೆಲಸದವರು ಬಂದು ಕ್ಯಾನಿಗೆ ತುಂಬಿಸಿಕೊಂಡು ಹೋಗುತ್ತಾರೆ, ಕಾಂಕ್ರೀಟು ಹಲಗೆಗೆ ಅಂಟದಿರಲೆಂದು ಬಳಿಯುತ್ತಾರೆ. ರೈತರು ಬೇಲಿ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಂತೆ ಹಚ್ಚುತ್ತಾರೆ. ಧೂಳೇಳದಿರಲಿ ಎಂದು ಗ್ಯಾರೇಜಿನ ಅಂಗಳಕ್ಕೇ ಎರಚುವವರಿದ್ದಾರೆ. ದೊಡ್ಡ ಪ್ರಮಾಣದಲ್ಲಿ ಕೊಂಡವರು ಕುಲುಮೆಗೆ, ಬಾಯ್ಲರಿಗೆ ಉರಿಸಲು ಮಾರುತ್ತಾರೆ. ಇದೆಲ್ಲ ಮಿತವ್ಯಯದ ಬುದ್ಧಿಯೇ, ಬೈಯಲು ಮನಸ್ಸಾಗುವುದಿಲ್ಲ. ತೊಂದರೆ ಇರುವುದು ಎಣ್ಣೆಯಲ್ಲಿ ಕೂತಿರುವ ಬೇರೆ ಸಾಮಾನಿನಲ್ಲಿ. ಎಂಜಿನ್ನಿನ ಒಳಗೆ ಸವೆದ ಲೋಹದ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ; ಅರೆ ಉರಿದ ಇಂಧನದಿಂದ ಬಂದ, ಕ್ಯಾನ್ಸರಿಗೆ ಕಾರಣವಾಗುವ ಸಂಯುಕ್ತಗಳು. ಹೊಸ ಆಯಿಲಿಗೂ ಹಳೇ ಆಯಿಲಿಗೂ ಇರುವ ವ್ಯತ್ಯಾಸ ಬಣ್ಣದ್ದಷ್ಟೇ ಆಗಿದ್ದರೆ ಈ ಅಂಕಣ ಬರೆಯಬೇಕಿರಲಿಲ್ಲ.

ಸೀಸದ ಮಾತು ಬಂತು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಅದೇ. ಟ್ರ್ಯಾಕ್ಟರ್ ಬ್ಯಾಟರಿ, ಯುಪಿಎಸ್ ಬ್ಯಾಟರಿ ಯಾವುದನ್ನೇ ಎತ್ತಿ ನೋಡಿ, ಆ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳೇ. ಹಳೇ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಇರುವುದರಿಂದ ಬ್ಯಾಟರಿ ಬೀದಿಗೆ ಬೀಳುವುದು ಅಪರೂಪ. ಅಷ್ಟರಮಟ್ಟಿಗೆ ನಮ್ಮಲ್ಲಿ ಸರಿಯಾಗಿ ನಡೆಯುತ್ತಿರುವ ಒಂದೇ ಮರುಸಂಗ್ರಹ ವ್ಯವಸ್ಥೆ ಇದು, ಅದೂ ದುಡ್ಡು ಇರುವುದರಿಂದ. 2001ರಲ್ಲೇ ಬ್ಯಾಟರಿಗೆ ಪ್ರತ್ಯೇಕ ನಿಯಮ ಬಂತು, 2022ರಲ್ಲಿ ಅದು ಹೊಸದಾಯಿತು. ತಯಾರಕರೇ ಹಳೇ ಬ್ಯಾಟರಿಗೆ ಹೊಣೆ ಹೊರಬೇಕು ಎಂಬುದು ಅದರ ತಿರುಳು. ಆದರೂ ಸರಪಳಿ ನಡುವೆ ತುಂಡಾಗುತ್ತದೆ. ಹೆಚ್ಚು ಬೆಲೆಯ ಆಸೆಗೆ ಬ್ಯಾಟರಿ ಗುಜರಿಗೆ ಹೋಗುತ್ತದೆ, ಅಲ್ಲಿ ಸುತ್ತಿಗೆಯಿಂದ ಒಡೆದು ಆಸಿಡ್ಡನ್ನು ನೆಲಕ್ಕೆ ಸುರಿಯುತ್ತಾರೆ, ಪ್ಲೇಟುಗಳನ್ನು ಬಾಣಲೆಯಲ್ಲಿ ಕರಗಿಸುತ್ತಾರೆ. ಆ ಆಸಿಡ್ಡಿನ ಜೊತೆಯೇ ಸೀಸದ ಪುಡಿ ಮಣ್ಣಿಗಿಳಿಯುತ್ತದೆ. ಅಂಗಡಿಯ ಹಿಂದೆಯೇ ಮನೆ, ಮನೆಯ ಮುಂದೆ ಅಂಬೆಗಾಲಿಡುವ ಮಗು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಟ್ಟಲೆ ಈ ಒಂದೇ ವಿಷಯ ಹಿಡಿದು ಕೆಲಸ ಮಾಡಿದವರು. ಸೀಸದ ವಿಷದ ಬಗ್ಗೆ ದೇಶ ಕಣ್ಣು ತೆರೆದದ್ದರಲ್ಲಿ ಅವರ ಪಾಲು ದೊಡ್ಡದು. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರ ವರದಿಯಲ್ಲಿ ಹೇಳಿದವು. ಇಷ್ಟರವರೆಗೆ ಸೀಸ ಒಳಗೆ ಹೋದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ಮಗುವಿನ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಎಷ್ಟೋ ಸಲ ಜ್ವರ ಬರುವುದಿಲ್ಲ, ವಾಂತಿಯಾಗುವುದಿಲ್ಲ. ಓದಿನಲ್ಲಿ ಹಿಂದೆ ಬೀಳುತ್ತದೆ, ಮಾಸ್ತರು ದಡ್ಡ ಎನ್ನುತ್ತಾರೆ.

ಇನ್ನು ಕಾನೂನಿನ ಕಡೆ ಬರೋಣ. ಹಳೇ ಆಯಿಲ್ ಹುಟ್ಟಿಸುವವನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆಯಬೇಕು. ಎಷ್ಟು ಹುಟ್ಟಿತು, ಎಷ್ಟು ಕೊಟ್ಟೆ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕು. ಡ್ರಮ್ಮಿನ ಮೇಲೆ ಹೊಳೆಯುವ ಹಳದಿ ಚೀಟಿಯಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಊರಿನ ಭಾಷೆಯಲ್ಲಿ ಎಚ್ಚರಿಕೆ ಇರಬೇಕು. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಣ್ಣವರಿಗೆ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಸಾಗಿಸುವಾಗ ಏಳು ಬಣ್ಣದ ಏಳು ಪ್ರತಿಗಳ ರಶೀದಿ. ಬಿಳಿ ಪ್ರತಿ ಮಂಡಳಿಗೆ, ಹಳದಿ ಕಳಿಸಿದವನಿಗೆ, ಹೀಗೆ. ಇದನ್ನೆಲ್ಲ ಬರೆದ ಅಧಿಕಾರಿಗಳ ಉದ್ದೇಶ ಒಳ್ಳೆಯದೇ: ವಿಷ ಹೊರಟ ಜಾಗದಿಂದ ತಲುಪುವ ಜಾಗದವರೆಗೆ ಎಲ್ಲೂ ಕಳೆದುಹೋಗಬಾರದು. ಸಾವಿರ ಟನ್ ಕಳಿಸುವ ಕಾರ್ಖಾನೆಗೆ ಇದು ಸರಿ, ಅಲ್ಲಿ ಈ ಕೆಲಸಕ್ಕೇ ಒಬ್ಬ ಎಂಜಿನಿಯರ್ ಇರುತ್ತಾನೆ. ಹಾಗಲವಾಡಿಯ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದರೆ, ‘ಏನ್ ಸಾರ್, ಡ್ರಮ್ಮಿಗಿಂತ ಪೇಪರ್ರೇ ಜಾಸ್ತಿ ಆಯ್ತಲ್ಲ’ ಎನ್ನದೆ ಇರಲಾರ. ಸಣ್ಣ ಘಟಕ ಎಂದು ಈ ನಿಯಮ ಹೇಳುವುದು ಯಾರನ್ನು ಗೊತ್ತೇ? ವರ್ಷಕ್ಕೆ 10 ಟನ್ನಿನ ಒಳಗೆ ತ್ಯಾಜ್ಯ ಹುಟ್ಟಿಸುವವರನ್ನು! ಮೆಕ್ಯಾನಿಕ್ಕಿನ ಪಾಲು ಒಂದು ಟನ್ನಿಗೂ ಕಡಿಮೆ. ಅಮೆರಿಕದಲ್ಲಿ ತಿಂಗಳಿಗೆ 100 ಕಿಲೋ ಮೀರದವರನ್ನು ಅತಿ ಸಣ್ಣವರೆಂದು ಬೇರೆ ಮಾಡಿ, ಅವರಿಗೆ ಹಗುರವಾದ ನಿಯಮ ಕೊಟ್ಟಿದ್ದಾರೆ.

ನಮ್ಮಲ್ಲೂ ಒಂದು ಕಿಂಡಿ ತೆರೆದಿದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. 2019ರ ತಿದ್ದುಪಡಿಯ ಪ್ರಕಾರ, ಜಲ ಮತ್ತು ವಾಯು ಕಾಯ್ದೆಗಳಡಿ ಮಂಡಳಿಯ ಸಮ್ಮತಿ ಪತ್ರ ಬೇಕಿಲ್ಲದ ಉದ್ಯಮಗಳಿಗೆ ಈ ಅನುಮತಿಯೂ ಬೇಕಿಲ್ಲ. ಒಂದೇ ಷರತ್ತು, ತ್ಯಾಜ್ಯವನ್ನು ಅಧಿಕೃತ ಸಂಗ್ರಹಕಾರರಿಗೋ ಮರುಬಳಕೆದಾರರಿಗೋ ವಿಲೇವಾರಿ ಘಟಕಕ್ಕೋ ಕೊಡಬೇಕು. ನಿಮ್ಮ ಅಂಗಡಿ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ತುಮಕೂರಿನಲ್ಲಿರುವ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಸರ್ವಿಸ್, ರಿಪೇರಿ, ಪೇಂಟಿಂಗ್ ಮಾಡುವ ಗ್ಯಾರೇಜುಗಳನ್ನು ಸಾಮಾನ್ಯವಾಗಿ ಕಿತ್ತಳೆ ವರ್ಗಕ್ಕೆ ಹಾಕಿರುತ್ತಾರೆ, ಅವಕ್ಕೆ ಸಮ್ಮತಿ ಪತ್ರ ಬೇಕೇ ಬೇಕು.

ಸರಿ, ಅಧಿಕೃತರಿಗೇ ಕೊಡಬೇಕು. ಅವರೆಲ್ಲಿದ್ದಾರೆ? ವಿಚಿತ್ರವೆಂದರೆ ಅವರು ನಮ್ಮ ಬಾಗಿಲಲ್ಲೇ ಇದ್ದಾರೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ದಾಬಸ್‌ಪೇಟೆಯ ಬಳಿಯೇ ರಾಜ್ಯದ ಅಪಾಯಕಾರಿ ತ್ಯಾಜ್ಯಗಳ ಸಾರ್ವತ್ರಿಕ ಸಂಸ್ಕರಣೆ ಮತ್ತು ಭೂಭರ್ತಿ ಘಟಕವಿದೆ. ಎಣ್ಣೆ ಗಸಿ, ಬಣ್ಣದ ಗಸಿ, ವಿಷ ಮೆತ್ತಿದ ಸಾಮಾನು ಹೋಗಬೇಕಾದದ್ದು ಇಲ್ಲಿಗೆ. ಅದೇ ದಾಬಸ್‌ಪೇಟೆಯಲ್ಲಿ 2005ರಲ್ಲಿ ಇ-ಪರಿಸರ ಎಂಬ ಘಟಕ ಶುರುವಾಯಿತು. ದೇಶದಲ್ಲಿ ಸರ್ಕಾರದ ಅಧಿಕೃತ ಮನ್ನಣೆ ಪಡೆದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ ಅದು. ಹಾಗಲವಾಡಿಯಿಂದ ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದ ದೂರ. ಆದರೆ ಒಂದು ಡ್ರಮ್ಮು ಆಯಿಲ್, ಅರ್ಧ ಚೀಲ ಬನಿಯನ್ ವೇಸ್ಟ್, ಆರು ಫಿಲ್ಟರ್ ಒಯ್ಯಲು ಅನುಮತಿ ಪಡೆದ ಲಾರಿ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಬಂದರೂ ಬಾಡಿಗೆ ಗಿಟ್ಟುವುದಿಲ್ಲ. ಕಾನೂನು, ಘಟಕ, ದುಡ್ಡು ಮೂರೂ ಇದ್ದು ನಡುವೆ ಗಾಡಿ ಮಾತ್ರ ಇಲ್ಲ. ಸಣ್ಣ ಉದ್ಯಮದ ತ್ಯಾಜ್ಯದ ಸಮಸ್ಯೆ ಅಂದರೆ ಮುಕ್ಕಾಲು ಪಾಲು ಇಷ್ಟೇ ಎಂಬುದು ನನ್ನ ಅಭಿಪ್ರಾಯ.

ಗಾಡಿಯ ಸಮಸ್ಯೆಯನ್ನು ಬಗೆಹರಿಸುವುದು ಈ ಜಿಲ್ಲೆಗೆ ಹೊಸದೇನೂ ಅಲ್ಲ. ದಿನಾ ಎರಡು ಹೊತ್ತು ಮನೆಮನೆಯಿಂದ ಎರಡು ಲೀಟರ್, ಮೂರು ಲೀಟರ್ ಹಾಲು ಊರ ಡೇರಿಗೆ ಬರುತ್ತದೆ, ಫ್ಯಾಟು ನೋಡಿ ಬರೆದುಕೊಳ್ಳುತ್ತಾರೆ, ಅಲ್ಲಿಂದ ಹಾಲು ತಂಪು ಮಾಡುವ ಬಿಎಂಸಿಗೆ, ಟ್ಯಾಂಕರಿಗೆ, ಕೊನೆಗೆ ಮಲ್ಲಸಂದ್ರದ ತುಮುಲ್ ಡೇರಿಗೆ. ಒಂದು ದಿನ ತಡವಾದರೆ ಕೆಡುವ ಹಾಲನ್ನೇ ಹೀಗೆ ಸೇರಿಸಬಲ್ಲ ನಾವು, ಮೂರು ತಿಂಗಳಿಟ್ಟರೂ ಕೆಡದ ಹಳೇ ಆಯಿಲನ್ನು ಸೇರಿಸಲಾರೆವೇ? ಹೋಬಳಿಗೊಂದು ಸಂಗ್ರಹ ಜಾಗ, ಅದಕ್ಕೆ ಒಂದೇ ಅನುಮತಿ, ಒಂದೇ ಪುಸ್ತಕ, ಮೂರು ತಿಂಗಳಿಗೊಮ್ಮೆ ಹಾಗಲವಾಡಿ, ಚೇಳೂರು, ನಿಟ್ಟೂರು, ಗುಬ್ಬಿ ಸುತ್ತಿ ಬರುವ ಒಂದು ಗಾಡಿ. ಪ್ರತಿ ಗ್ರಾಮ ಪಂಚಾಯಿತಿಗೂ ಸ್ವಚ್ಛ ಸಂಕೀರ್ಣ ಬೇಕೆಂದು ಸರ್ಕಾರವೇ ಹೇಳುತ್ತದೆ, ಸ್ವಚ್ಛ ವಾಹಿನಿ ಗಾಡಿಯನ್ನು ಎಷ್ಟೋ ಕಡೆ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ಒಣ ಕಸಕ್ಕೆಂದು ಕಟ್ಟಿದ ಆ ಶೆಡ್ಡಿನ ಒಂದು ಮೂಲೆಗೆ ಸಿಮೆಂಟ್ ನೆಲ, ಸುತ್ತ ಮೊಣಕಾಲೆತ್ತರದ ಕಟ್ಟೆ, ಬೀಗವಿರುವ ಬಾಗಿಲು ಹಾಕಿಸಲು ದೊಡ್ಡ ಮೊತ್ತವೇನೂ ಬೇಡ. ಮನೆಮನೆಯ ಕಸ ಎತ್ತುವ ಹೆಣ್ಣುಮಕ್ಕಳ ತಲೆಗೆ ಇದನ್ನೂ ಕಟ್ಟಬಾರದು ಎಂಬುದು ಬೇರೆ ಮಾತು. ಇದಕ್ಕೆ ತರಬೇತಿಯಾದ ಬೇರೆ ಆಳು ಬೇಕು.

ಹಣದ ಕಡೆಯಿಂದಲೂ ಗಾಳಿ ತುಸು ಅನುಕೂಲಕ್ಕೆ ತಿರುಗಿದೆ. 2024ರ ಏಪ್ರಿಲ್ 1ರಿಂದ ಲೂಬ್ರಿಕೆಂಟ್ ತಯಾರಿಸುವ, ಆಮದು ಮಾಡುವ ಕಂಪನಿಗಳು ತಾವು ಮಾರಿದ ಎಣ್ಣೆಯಲ್ಲಿ ನಿಗದಿತ ಪಾಲಿನಷ್ಟನ್ನು ಮರುಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ ತೋರಿಸಬೇಕು, ಆ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. ಅಂದರೆ ಕಂಪನಿಗೆ ನಮ್ಮ ಹಳೇ ಆಯಿಲ್ ಬೇಕಾಗಿದೆ. ಸರಿಯಾಗಿ ಮರುಸಂಸ್ಕರಿಸಿದರೆ ಹತ್ತು ಲೀಟರಿನಲ್ಲಿ ಆರೇಳು ಲೀಟರ್ ಮತ್ತೆ ಬಳಸಬಹುದಾದ ಎಣ್ಣೆಯಾಗಿ ಬರುತ್ತದೆ. ಆಯಿಲ್ ಡಬ್ಬಿ ಮಾರಲು ಹಳ್ಳಿ ಹಳ್ಳಿಗೆ ಬರುವ ವಿತರಕರ ವ್ಯಾನು ಖಾಲಿ ವಾಪಸಾಗುತ್ತದೆ, ಅದನ್ನೂ ಒಮ್ಮೆ ಯೋಚಿಸಬಹುದು.

ಆದರೆ ಮರುಸಂಸ್ಕರಣೆ ಮಾಡುವವನು ಎಂಥ ಆಯಿಲನ್ನೂ ಕೊಳ್ಳುವುದಿಲ್ಲ. ಅದರಲ್ಲಿ ಸೀಸ ಹತ್ತು ಲಕ್ಷಕ್ಕೆ 100 ಭಾಗ ಮೀರಬಾರದು ಎಂಬಿತ್ಯಾದಿ ಮಿತಿಗಳನ್ನು ನಿಯಮವೇ ಹಾಕಿದೆ. ಗ್ಯಾರೇಜಿನಲ್ಲಿ ಒಂದೇ ಡ್ರಮ್ಮಿರುತ್ತದೆ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಪಾರ್ಟ್ಸ್ ತೊಳೆದ ಪೆಟ್ರೋಲು, ಪೇಂಟ್ ಗನ್ ತೊಳೆದ ಥಿನ್ನರ್, ಮಳೆ ನೀರು, ಬೀಡಿ ತುಂಡು ಎಲ್ಲವೂ ಅದಕ್ಕೇ. ಬಿಡಿಬಿಡಿಯಾಗಿದ್ದರೆ ಬೆಲೆ ಬರುತ್ತಿದ್ದ ಸಾಮಾನು ಬೆರೆತ ಮೇಲೆ ದುಡ್ಡು ಕೊಟ್ಟು ಸುಡಿಸಬೇಕಾದ ವಿಷವಾಗುತ್ತದೆ. ಅದಕ್ಕೇ ಗ್ಯಾರೇಜಿನವರಿಗೆ ಹೇಳಬೇಕಾದ ಮಾತು ಒಂದೇ ಇದ್ದರೆ ಅದು ಇದು: ಬೆರೆಸಬೇಡಿ. ಮುಚ್ಚಳವಿರುವ ಎರಡು ಡ್ರಮ್ಮು, ಒಂದು ತಗಡಿನ ಡಬ್ಬ, ಮೇಲೊಂದು ಶೀಟು. ಇಷ್ಟಕ್ಕೆ ಇಲಾಖೆ ಬೇಡ, ಅನುದಾನ ಬೇಡ.

ತ್ಯಾಜ್ಯ ಹುಟ್ಟುವುದನ್ನೇ ತಗ್ಗಿಸುವ ದಾರಿಗಳೂ ಇವೆ, ಕೆಲವು ನೇರ ಲಾಭದವು. ಗೇಜು ಎತ್ತಿ ನೋಡಿ ‘ಕಪ್ಪಾಗದೆ, ಚೇಂಜ್ ಮಾಡ್ಸಿಬಿಡಿ ಅಣ್ಣ’ ಎನ್ನುವುದು ನಮ್ಮ ಮೆಕ್ಯಾನಿಕ್ಕುಗಳ ಅಭ್ಯಾಸ. ಮಸಿಯನ್ನು ಎಂಜಿನ್ನಿನ ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸಗಳಲ್ಲಿ ಒಂದು, ಕಪ್ಪಾಗಿದೆ ಎಂದರೆ ಅದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಿಸಿದರೆ ಗಿರಾಕಿಯ ಹಣವೂ ಉಳಿಯಿತು, ಡ್ರಮ್ಮೂ ನಿಧಾನಕ್ಕೆ ತುಂಬಿತು. (ಆಯಿಲ್ ಮಾರಿ ಬರುವ ಕಮಿಷನ್ನಿಗೆ ಇದು ಹೊಡೆತ ಎಂಬುದು ನನಗೆ ಗೊತ್ತು.) ಫಿಲ್ಟರ್ ಬಿಸಿಯಿರುವಾಗಲೇ ತೂತು ಹೊಡೆದು ಇಡೀ ರಾತ್ರಿ ಬೋರಲು ಹಾಕಿದರೆ ಒಳಗೆ ಕೂತ ಎಣ್ಣೆ ಬಹುಪಾಲು ಇಳಿಯುತ್ತದೆ. ಪಾರ್ಟ್ಸ್ ತೊಳೆಯಲು ಎರಡು ತಟ್ಟೆ ಇಟ್ಟುಕೊಂಡು, ಮೊದಲು ಹಳೆಯದರಲ್ಲಿ ಉಜ್ಜಿ, ಕೊನೆಗೆ ಹೊಸದರಲ್ಲಿ ಜಾಲಾಡಿದರೆ ಸೀಮೆಎಣ್ಣೆ ಅರ್ಧದಷ್ಟೇ ಸಾಕಾಗುತ್ತದೆ. ಗನ್ ತೊಳೆದ ಥಿನ್ನರನ್ನು ಮುಚ್ಚಿದ ಡಬ್ಬದಲ್ಲಿ ಎರಡು ದಿನ ಬಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಮೊದಲ ತೊಳೆತಕ್ಕೆ ಬಳಸಬಹುದು. ಲೇತ್‌ನವರು ಕೂಲೆಂಟ್ ಮೇಲೆ ತೇಲುವ ಎಣ್ಣೆಯನ್ನು ದಿನಾ ತೆಗೆದರೆ ಅದು ಬೇಗ ನಾರುವುದಿಲ್ಲ. ರೀವೈಂಡಿಂಗ್‌ನವರ ವಿಷಯಕ್ಕೆ ಬಂದರೆ, ತಂತಿಯ ಹೊದಿಕೆ ಸುಲಿಯುವ ಸಣ್ಣ ಯಂತ್ರ ಮಾರುಕಟ್ಟೆಯಲ್ಲಿದೆ. ಸುಟ್ಟು ಕಪ್ಪಾದ ತಾಮ್ರಕ್ಕಿಂತ ಸುಲಿದು ಹೊಳೆಯುವ ತಾಮ್ರಕ್ಕೆ ಗುಜರಿಯವನೇ ಹೆಚ್ಚು ಬೆಲೆ ಕೊಡುತ್ತಾನೆ. ಒಬ್ಬರಿಗೆ ಭಾರವಾದರೆ ನಾಲ್ಕು ಅಂಗಡಿಯವರು ಸೇರಿ ಒಂದು ಕೊಳ್ಳಲಿ.

ಎಣ್ಣೆ ಚೆಲ್ಲಿದರೆ ಒರೆಸುವುದಕ್ಕೆ ಹೊರಗಿಂದ ಏನನ್ನೂ ತರಬೇಕಿಲ್ಲ. ತೆಂಗಿನ ಸೀಮೆ ನಮ್ಮದು, ನಾರಿನ ಮಿಲ್ಲುಗಳ ಹಿಂದೆ ಗುಡ್ಡದಂತೆ ಬಿದ್ದಿರುವ ನಾರಿನ ಪುಡಿ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಎರಡು ಹಿಡಿ ಉದುರಿಸಿ ಗುಡಿಸಿದರೆ ನೆಲ ಒಣಗುತ್ತದೆ. ಗುಡಿಸಿದ ಪುಡಿ ಮಾತ್ರ ಎಣ್ಣೆಬಟ್ಟೆಯ ಡಬ್ಬಕ್ಕೇ ಹೋಗಬೇಕು, ತಿಪ್ಪೆಗಲ್ಲ. ಆ ಗುಡ್ಡಗಳದ್ದೂ ಒಂದು ಕಥೆಯಿದೆ. ನಾರಿನ ಪುಡಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಲ್ಲ, ಆದರೆ ಮಳೆಗೆ ನೆನೆದ ಗುಡ್ಡೆಯಿಂದ ಚಹದ ಬಣ್ಣದ ಒಗರು ನೀರು ಬಸಿದು ಬಾವಿ, ಕಟ್ಟೆ ಸೇರುತ್ತದೆ. ಬೇಸಿಗೆಯಲ್ಲಿ ಕಿಡಿ ಬಿದ್ದರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಇದನ್ನು ಗೊಬ್ಬರ ಮಾಡಲು ಕಾಯರ್ ಬೋರ್ಡ್ ಬಹಳ ಹಿಂದೆಯೇ ಪಿತ್‌ಪ್ಲಸ್ ಎಂಬ ಅಣಬೆ ಬೀಜವನ್ನು ಸಿದ್ಧಪಡಿಸಿತು. ಪದರ ಪದರವಾಗಿ ಅದನ್ನೂ ಯೂರಿಯಾವನ್ನೂ ಹಾಕಿ ತೇವ ಕಾಪಾಡಿದರೆ ಸುಮಾರು ಒಂದು ತಿಂಗಳಿಗೆ ಕರಿ ಗೊಬ್ಬರ ಕೈಗೆ ಬರುತ್ತದೆ. ತೊಳೆದು ಒತ್ತಿ ಇಟ್ಟಿಗೆ ಮಾಡಿದ ಇದೇ ಪುಡಿ ಕೊಕೊಪೀಟ್ ಹೆಸರಲ್ಲಿ ಹೊರದೇಶಕ್ಕೆ ಹೋಗುತ್ತದೆ.

ಇದನ್ನೆಲ್ಲ ಈಗಲೇ ಏಕೆ ಹೇಳಬೇಕು ಎಂದರೆ, ಗುಬ್ಬಿ ತಾಲ್ಲೂಕು ಇನ್ನು ಬರೀ ತೆಂಗು ಅಡಿಕೆಯ ತಾಲ್ಲೂಕಾಗಿ ಉಳಿಯುವುದಿಲ್ಲ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅತ್ತ ವಸಂತನರಸಾಪುರದಲ್ಲಿ ಫುಡ್ ಪಾರ್ಕ್, ಮಷೀನ್ ಟೂಲ್ ಪಾರ್ಕ್. ದೊಡ್ಡ ಕಾರ್ಖಾನೆ ಬಂದಲ್ಲಿ ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಹುಟ್ಟುತ್ತವೆ: ಲೇತ್, ಪೌಡರ್ ಕೋಟಿಂಗ್, ಎಲೆಕ್ಟ್ರೋಪ್ಲೇಟಿಂಗ್. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಪೀಣ್ಯದ ಅನುಭವ ನಮ್ಮ ಮುಂದಿದೆ. ಸಣ್ಣ ಸಣ್ಣ ಪ್ಲೇಟಿಂಗ್ ಘಟಕಗಳು ಬಿಟ್ಟ ನೀರಿನಿಂದ ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿದೆ. ಒಂದೊಂದು ಘಟಕ ಬಿಟ್ಟದ್ದು ಬಕೆಟ್ಟಿನ ಲೆಕ್ಕದ ನೀರು. ಕೂಡಿದ್ದು ಇಡೀ ಬಡಾವಣೆಯ ಬೋರ್‌ವೆಲ್ಲುಗಳಿಗೆ.

ದಂಡದ ಮಾತನ್ನೂ ಹೇಳಿಬಿಡುತ್ತೇನೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ನಿಯಮ ಮೀರಿದವರಿಗಿದ್ದ ಜೈಲು ಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯ್ದೆ ತೆಗೆದುಹಾಕಿ, ಅದರ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟಿತು. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಗೆ ಇದು ಖರ್ಚಿನ ಒಂದು ಬಾಬ್ತು, ಹೋಬಳಿಯ ಮೆಕ್ಯಾನಿಕ್ಕಿಗೆ ಕನಿಷ್ಠ ದಂಡವೇ ಒಂದು ತಿಂಗಳ ದುಡಿಮೆ. ಎರಡೂ ಕಡೆ ಭಯ ಕೆಲಸ ಮಾಡುವುದಿಲ್ಲ. ತಪಾಸಣೆಗೆ ಬರುವ ಜೀಪಿಗಿಂತ ಡ್ರಮ್ಮು ಎತ್ತಿಕೊಂಡು ಹೋಗಲು ಬರುವ ಗಾಡಿಯಿಂದಲೇ ಗ್ಯಾರೇಜಿನವನು ದಾರಿಗೆ ಬರುವುದು.

ಹಾಗಾಗಿ ಗ್ಯಾರೇಜಿನವರಲ್ಲಿ, ರೀವೈಂಡಿಂಗ್‌ನವರಲ್ಲಿ, ಲೇತ್ ಮತ್ತು ಗುಜರಿಯವರಲ್ಲಿ ಒಂದು ಕೋರಿಕೆ. ನಾಳೆಯಿಂದಲೇ ಡ್ರಮ್ಮು ಬೇರೆ ಮಾಡಿ, ಎಷ್ಟು ತುಂಬಿತೆಂದು ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಗ್ರಾಮಸಭೆಗೆ ನೀವು ನಾಲ್ಕೈದು ಜನ ಒಟ್ಟಿಗೆ ಹೋಗಿ, ರಸ್ತೆ, ಚರಂಡಿ, ಮನೆ ಪಟ್ಟಿಯ ಜೊತೆ ಇದನ್ನೂ ನಡಾವಳಿಯಲ್ಲಿ ಬರೆಸಿ: ಸ್ವಚ್ಛ ಸಂಕೀರ್ಣದಲ್ಲಿ ಬೀಗವಿರುವ ಒಂದು ಕೋಣೆ, ಮಂಡಳಿಯಿಂದ ಅದಕ್ಕೊಂದು ಅನುಮತಿ, ಮೂರು ತಿಂಗಳಿಗೊಂದು ಗಾಡಿ. ನೋಟ್‌ಬುಕ್ಕಿನಲ್ಲಿ ಲೀಟರ್ ಲೆಕ್ಕ ಇಟ್ಟುಕೊಂಡು ಕೇಳುವವರಿಗೆ ಪಂಚಾಯಿತಿ ಇಲ್ಲವೆನ್ನುವುದು ಕಷ್ಟ.